ಲಡ್ಲೊ, 1914: ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ, ಹತ್ಯಾಕಾಂಡ ಮತ್ತು ಅದರ ಸ್ಮರಣೆ – ಪದೇ ಪದೇ ಕೇಳುವ ಪ್ರಶ್ನೆಗಳು

ಲಡ್ಲೊ ಎಲ್ಲಿದೆ? ಅಲ್ಲಿ ನಡೆದದ್ದು ಏನು?

ಅಮೆರಿಕದ ಕೊಲರಾಡೊ ರಾಜ್ಯದ ದಕ್ಷಿಣದಲ್ಲಿ, ರಾಕಿ ಬೆಟ್ಟಸಾಲು ಇಳಿದು ಬಯಲಿಗೆ ಸೇರುವ ಕಡೆ, ಟ್ರಿನಿಡಾಡ್ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಲಡ್ಲೊ ಎಂಬ ಸಣ್ಣ ರೈಲು ನಿಲ್ದಾಣವಿತ್ತು. 1913ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಹೂಡಿ, ಕಂಪನಿಯ ಮನೆಗಳಿಂದ ಹೊರಬಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರು ಅದರ ಬಳಿಯ ಬಯಲಿನಲ್ಲಿ ಡೇರೆ ಹಾಕಿಕೊಂಡು, ಹೆಂಡಿರು ಮಕ್ಕಳೊಂದಿಗೆ ಇಡೀ ಚಳಿಗಾಲವನ್ನು ಕಳೆದರು. 1914ರ ಏಪ್ರಿಲ್ 20ರಂದು ರಾಜ್ಯದ ಸೇನಾಪಡೆಯವರು ಆ ಬಿಡಾರದ ಮೇಲೆ ದಿನವಿಡೀ ಗುಂಡು ಹಾರಿಸಿದರು. ಸಂಜೆ ಡೇರೆಗಳಿಗೆ ಬೆಂಕಿ ಬಿತ್ತು. ಒಂದು ಡೇರೆಯ ಕೆಳಗಿನ ನೆಲಗುಂಡಿಯಲ್ಲಿ ಅವಿತಿದ್ದ ಇಬ್ಬರು ಹೆಂಗಸರು ಮತ್ತು 11 ಮಕ್ಕಳು ಉಸಿರುಕಟ್ಟಿ ಸತ್ತರು. ಅಮೆರಿಕದ ಕಾರ್ಮಿಕ ಚರಿತ್ರೆಯಲ್ಲಿ ಲಡ್ಲೊ ಹತ್ಯಾಕಾಂಡ ಎಂದು ಕರೆಯುವುದು ಇದನ್ನೇ.

ಮುಷ್ಕರಕ್ಕೆ ಮೊದಲು ಆ ಗಣಿ ಊರುಗಳಲ್ಲಿ ಬದುಕು ಹೇಗಿತ್ತು?

ಊರೇ ಕಂಪನಿಯದಾಗಿತ್ತು. ಮನೆ, ಅಂಗಡಿ, ವೈದ್ಯರು, ಶಾಲೆ, ಎಲ್ಲವೂ ಕಂಪನಿಯ ಹಿಡಿತದಲ್ಲಿದ್ದವು. ಊರಿನ ಬಾಗಿಲಲ್ಲಿ ಕಾವಲು ನಿಂತವರು ಕಂಪನಿಯ ಸಂಬಳದ ಬಂದೂಕುಧಾರಿಗಳು. ಪ್ರದೇಶದ ಅತಿ ದೊಡ್ಡ ಸಂಸ್ಥೆಯಾದ ಕೊಲರಾಡೊ ಫ್ಯುಯೆಲ್ ಅಂಡ್ ಐರನ್ ಕಂಪನಿಯಲ್ಲಿ ರಾಕ್‌ಫೆಲ್ಲರ್ ಕುಟುಂಬಕ್ಕೆ ಸುಮಾರು ಶೇಕಡ 40ರ ಪಾಲಿತ್ತು. ಕೂಲಿಯ ಒಂದಂಶವನ್ನು ಕಂಪನಿಯ ಅಂಗಡಿಯಲ್ಲಿ ಮಾತ್ರ ಚಲಾವಣೆಯಾಗುವ ಚೀಟಿಯ ರೂಪದಲ್ಲಿ ಕೊಡುವ ಪದ್ಧತಿ ಆ ಗಣಿ ಸೀಮೆಯಲ್ಲಿ ಬಹುಕಾಲ ನಡೆದಿತ್ತು. ಸಂಘದ ಮಾತೆತ್ತಿದವನನ್ನು ಕೆಲಸದಿಂದ ತೆಗೆದರೆ ಅದೇ ಏಟಿಗೆ ಅವನ ಕುಟುಂಬ ಮನೆಯನ್ನೂ ಕಳೆದುಕೊಳ್ಳುತ್ತಿತ್ತು.

ಗಣಿಯೊಳಗಿನ ಅಪಾಯವಂತೂ ಬೇರೆಯೇ ಮಟ್ಟದ್ದು. 1884ರಿಂದ 1912ರವರೆಗೆ ಕೊಲರಾಡೊದ ಕಲ್ಲಿದ್ದಲು ಗಣಿಗಳಲ್ಲಿ 1,700ಕ್ಕೂ ಹೆಚ್ಚು ಮಂದಿ ಸತ್ತರು. ಸಾವಿನ ಪ್ರಮಾಣ ಇಡೀ ದೇಶದ ಸರಾಸರಿಯ ಸುಮಾರು ಎರಡರಷ್ಟಿತ್ತು. 1910ರ ಒಂದೇ ವರ್ಷದಲ್ಲಿ ಪ್ರಿಮೆರೊ, ಸ್ಟಾರ್ಕ್‌ವಿಲ್ ಮತ್ತು ಡೆಲಗ್ವಾ ಗಣಿಗಳ ಸ್ಫೋಟಗಳು 200ಕ್ಕೂ ಹೆಚ್ಚು ಪ್ರಾಣಗಳನ್ನು ತೆಗೆದುಕೊಂಡವು. ಸಾವಿನ ವಿಚಾರಣೆ ನಡೆಸುವ ಪಂಚರನ್ನು ಕಂಪನಿಗೆ ಬೇಕಾದ ಷೆರಿಫ್‌ಗಳೇ (ಜಿಲ್ಲೆಯ ಪೊಲೀಸ್ ಮುಖ್ಯಸ್ಥರು) ಆರಿಸುತ್ತಿದ್ದುದರಿಂದ, ಸತ್ತವನ ಅಜಾಗರೂಕತೆಯೇ ಕಾರಣ ಎಂಬ ತೀರ್ಮಾನವೇ ಬಹುಪಾಲು ಹೊರಬೀಳುತ್ತಿತ್ತು.

ಕಾರ್ಮಿಕರು ಕೇಳಿದ್ದಾದರೂ ಏನು?

ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸಬೇಕು, ಏಕೆಂದರೆ ಅವರೆಲ್ಲ ಹೊರಗಿನವರ ಪ್ರಚೋದನೆಗೆ ಒಳಗಾಗಿ ಅಸಾಧ್ಯವಾದದ್ದನ್ನು ಕೇಳಿದರು ಎಂದು ಕಂಪನಿಗಳು ಅಂದು ಪ್ರಚಾರ ಮಾಡಿದ್ದವು. ಯುನೈಟೆಡ್ ಮೈನ್ ವರ್ಕರ್ಸ್ ಸಂಘದ ಮೂಲಕ ಅವರು ಮುಂದಿಟ್ಟ ಬೇಡಿಕೆಗಳು ಏಳು. ಸಂಘಕ್ಕೆ ಮಾನ್ಯತೆ ಕೊಡಬೇಕು. ಟನ್ನಿನ ಲೆಕ್ಕದ ಕೂಲಿಯನ್ನು ಶೇಕಡ 10ರಷ್ಟು ಹೆಚ್ಚಿಸಬೇಕು. ದಿನಕ್ಕೆ ಎಂಟು ಗಂಟೆಯ ದುಡಿಮೆ ಜಾರಿಯಾಗಬೇಕು. ಕಲ್ಲಿದ್ದಲು ಕಡಿಯುವುದಲ್ಲದೆ ಮಾಡುವ ಇತರ ಕೆಲಸಗಳಿಗೂ ಕೂಲಿ ಸಿಗಬೇಕು. ತೂಕದ ಕಡೆ ಕಾರ್ಮಿಕರೇ ಆರಿಸಿದ ಒಬ್ಬ ಪರಿಶೀಲಕ ಇರಬೇಕು. ಯಾವ ಅಂಗಡಿಯಲ್ಲಿ ಕೊಳ್ಳಬೇಕು, ಎಲ್ಲಿ ವಾಸಿಸಬೇಕು, ಯಾವ ವೈದ್ಯರ ಬಳಿ ಹೋಗಬೇಕು ಎಂಬುದು ಅವರವರ ಇಷ್ಟಕ್ಕೆ ಬಿಟ್ಟಿರಬೇಕು. ಕೊನೆಯದಾಗಿ, ರಾಜ್ಯದ ಗಣಿ ಕಾನೂನುಗಳು ಜಾರಿಯಾಗಬೇಕು ಮತ್ತು ಖಾಸಗಿ ಬಂದೂಕುಧಾರಿಗಳ ಕಾವಲು ತೊಲಗಬೇಕು.

ತೂಕದ ವಿಷಯವನ್ನು ಹತ್ತಿರದಿಂದ ನೋಡಿದರೆ ಆ ಸಿಟ್ಟು ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ. ಕಾರ್ಮಿಕನಿಗೆ ಕೂಲಿ ಸಿಗುತ್ತಿದ್ದುದು ಅವನು ಕಡಿದು ಗಾಡಿಗೆ ತುಂಬಿದ ಕಲ್ಲಿದ್ದಲಿನ ತೂಕಕ್ಕೆ. ಅವನು ನೆಲದಡಿಯಲ್ಲಿರುವಾಗ ಆ ಗಾಡಿಯನ್ನು ಮೇಲೆ ಕಂಪನಿಯ ಗುಮಾಸ್ತ ತೂಗುತ್ತಿದ್ದ. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತೆಂದು ನೋಡುವ ಅವಕಾಶ ಕಡಿದವನಿಗಿರಲಿಲ್ಲ. ಸಾಲದ್ದಕ್ಕೆ 2,000 ಪೌಂಡಿಗೆ ಒಂದು ಟನ್ ಎನ್ನುವ ಬದಲು 2,200 ಪೌಂಡಿಗೆ ಒಂದು ಟನ್ ಎಂದು ಲೆಕ್ಕ ಹಿಡಿಯುತ್ತಿದ್ದರು. ಹಳಿ ಹಾಸುವುದು, ಕಲ್ಲು ಸರಿಸುವುದು, ಕುಸಿಯದಂತೆ ಚಾವಣಿಗೆ ಮರದ ಆಸರೆ ಕಂಬ ಕೊಡುವುದು, ಇವಕ್ಕೆ ಬಿಡಿಗಾಸೂ ಇರಲಿಲ್ಲ. ಅಂದರೆ ಕಂಬ ನಿಲ್ಲಿಸಲು ಕಳೆದ ಪ್ರತಿ ಗಂಟೆಯೂ ಮನೆಗೆ ಕೊಂಡೊಯ್ಯುವ ಕೂಲಿಯಿಂದ ಕಳೆದುಹೋಗುತ್ತಿತ್ತು. ಚಾವಣಿ ಕುಸಿದು ಸತ್ತವರನ್ನು ಅಜಾಗರೂಕರು ಎಂದು ದಾಖಲಿಸಿದವರು ಈ ಲೆಕ್ಕವನ್ನು ಬರೆಯಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಎಂಟು ಗಂಟೆಯ ದುಡಿಮೆ, ತೂಕದ ಪರಿಶೀಲಕ, ಬೇಕಾದ ಅಂಗಡಿಯಲ್ಲಿ ಕೊಳ್ಳುವ ಸ್ವಾತಂತ್ರ್ಯ ಮುಂತಾಗಿ ಈ ಬೇಡಿಕೆಗಳಲ್ಲಿ ಹೆಚ್ಚಿನವು ಕೊಲರಾಡೊದ ಕಾನೂನಿನಲ್ಲಿ ಆಗಲೇ ಇದ್ದವು. ಆ ಜನ ಬಹುಪಾಲು ಕೇಳಿದ್ದು ರಾಜ್ಯವು ತನ್ನ ಕಾನೂನನ್ನು ತಾನೇ ಪಾಲಿಸಲಿ ಎಂದು. ಲಡ್ಲೊವನ್ನು ಕುರಿತು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಅವರು ಡೇರೆಗಳಲ್ಲಿ ಏಕೆ ಇದ್ದರು? ಬೇರೆ ಊರಿಗೆ ಹೋಗಬಹುದಿತ್ತಲ್ಲವೇ?

ಮುಷ್ಕರ ಆರಂಭವಾದ 1913ರ ಸೆಪ್ಟೆಂಬರ್ 23ರಂದು ಮಳೆಯೂ ಹಿಮವೂ ಸುರಿಯುತ್ತಿದ್ದವು. ಕಂಪನಿಯ ಮನೆಗಳನ್ನು ತೆರವು ಮಾಡಿದ ಸಾವಿರಾರು ಕುಟುಂಬಗಳು ಪಾತ್ರೆಪಡಗ, ಹಾಸಿಗೆಗಳನ್ನು ಗಾಡಿಗಳಲ್ಲಿ ಹೇರಿಕೊಂಡು ಕಣಿವೆಗಳಿಂದ ಇಳಿದು ಬಂದವು. ಸಂಘವು ಕಣಿವೆಗಳ ಬಾಯಿಯಲ್ಲೇ ಜಮೀನನ್ನು ಮುಂಚಿತವಾಗಿ ಗುತ್ತಿಗೆಗೆ ಹಿಡಿದಿತ್ತು. ಇದರ ಹಿಂದೆ ಲೆಕ್ಕಾಚಾರವಿತ್ತು: ಮುಷ್ಕರ ಮುರಿಯಲು ಹೊರಗಿನಿಂದ ತರಿಸಿದ ಆಳುಗಳು ಗಣಿಗೆ ಹೋಗಬೇಕಾದರೆ ಆ ಬಿಡಾರಗಳ ಎದುರಿನಿಂದಲೇ ಹಾದುಹೋಗಬೇಕಿತ್ತು. ಲಡ್ಲೊ ಬಿಡಾರವೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಸುಮಾರು 200 ಡೇರೆಗಳೂ 1,200 ಜನರೂ ಇದ್ದರು. ಮರದ ಹಲಗೆಯ ನೆಲ ಹಾಕಿ, ಒಲೆ ಇಟ್ಟುಕೊಂಡು, ಡೇರೆಗಳ ನಡುವೆ ಬೀದಿಗಳನ್ನು ಗುರುತಿಸಿ ಅದನ್ನೊಂದು ಊರಾಗಿ ಮಾಡಿಕೊಂಡಿದ್ದರು.

ಡೇರೆಗಳ ಕೆಳಗೆ ಗುಂಡಿ ತೋಡಿದ್ದು ಗುಂಡಿನೇಟಿನಿಂದ ಪಾರಾಗಲು. ಕಂಪನಿಗಳು ಬಾಲ್ಡ್‌ವಿನ್-ಫೆಲ್ಟ್ಸ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಆಳುಗಳನ್ನು ಕರೆಸಿದ್ದವು. ಮೋಟಾರು ಗಾಡಿಯೊಂದಕ್ಕೆ ಉಕ್ಕಿನ ತಗಡು ಹೊದಿಸಿ, ಮಶಿನ್‌ಗನ್ ಕೂರಿಸಿ, ಅದನ್ನು ಬಿಡಾರಗಳ ಸುತ್ತ ಓಡಿಸುತ್ತಿದ್ದರು. ಕಾರ್ಮಿಕರು ಅದನ್ನು ಸಾವಿನ ಗಾಡಿ ಎಂದೇ ಕರೆದರು. ಅಕ್ಟೋಬರ್ 17ರಂದು ಫೋರ್ಬ್ಸ್ ಬಿಡಾರದ ಮೇಲೆ ಅದರಿಂದ ಗುಂಡಿನ ಮಳೆಗರೆದಾಗ ಒಬ್ಬ ಕಾರ್ಮಿಕ ಸತ್ತನು, ಒಬ್ಬ ಹುಡುಗನ ಕಾಲುಗಳಿಗೆ ಹಲವು ಗುಂಡುಗಳು ಹೊಕ್ಕವು. ಆ ಬಳಿಕ ನೆಲದೊಳಗೆ ಅಡಗುವುದೊಂದೇ ತಾಯಂದಿರಿಗೆ ಕಂಡ ದಾರಿ.

ಬೇರೆ ಬೇರೆ ದೇಶಗಳಿಂದ ಬಂದವರು ಒಂದಾಗಿ ನಿಂತದ್ದು ಹೇಗೆ?

ಗ್ರೀಕರು, ಇಟಲಿಯವರು, ಸ್ಲಾವ್ ಜನ, ಮೆಕ್ಸಿಕೊ ಮೂಲದವರು, ಕಪ್ಪು ಜನ ಎಲ್ಲರೂ ಆ ಗಣಿಗಳಲ್ಲಿದ್ದರು. 20ಕ್ಕೂ ಹೆಚ್ಚು ಭಾಷೆಗಳು ಕೇಳಿಬರುತ್ತಿದ್ದವು. ಹತ್ತು ವರ್ಷಗಳ ಹಿಂದೆ, 1903–04ರ ಮುಷ್ಕರವನ್ನು ಮುರಿಯಲು ಕರೆತಂದವರಲ್ಲಿ ಅನೇಕರು ಈ ಸಲ ತಾವೇ ಮುಷ್ಕರಕ್ಕಿಳಿದಿದ್ದರು. ಲಡ್ಲೊ ಬಿಡಾರದ ಮುಖಂಡರಾಗಿದ್ದ ಲೂಯಿಸ್ ಟಿಕಾಸ್ ಕ್ರೀಟ್ ದ್ವೀಪದಿಂದ ಬಂದವರು, ಒಂದು ಕಾಲಕ್ಕೆ ಡೆನ್ವರ್ ನಗರದಲ್ಲಿ ಕಾಫಿ ಅಂಗಡಿ ನಡೆಸಿದ್ದವರು. ಜಗಳ ಬಿಡಿಸುವುದು, ಸೇನಾಧಿಕಾರಿಗಳೊಡನೆ ಮಾತಾಡುವುದು ಅವರ ಪಾಲಿನ ಕೆಲಸವಾಗಿತ್ತು.

ಹೆಂಗಸರ ಪಾತ್ರವೇನು?

ಬಿಡಾರವನ್ನು ಚಳಿಗಾಲದುದ್ದಕ್ಕೂ ಉಳಿಸಿಕೊಂಡವರೇ ಅವರು. ಕಾರ್ಮಿಕರ ಪರವಾಗಿ ಊರೂರು ತಿರುಗುತ್ತಿದ್ದ ವೃದ್ಧೆ ಮದರ್ ಜೋನ್ಸ್ ಅವರನ್ನು 1914ರ ಜನವರಿಯಲ್ಲಿ ಸೇನಾಪಡೆ ಟ್ರಿನಿಡಾಡ್‌ನ ಆಸ್ಪತ್ರೆಯೊಂದರಲ್ಲಿ ಬಂಧನದಲ್ಲಿಟ್ಟಾಗ, ಹೆಂಗಸರು ಮಕ್ಕಳೊಂದಿಗೆ ಮೆರವಣಿಗೆ ಹೊರಟರು. ಜನರಲ್ ಜಾನ್ ಚೇಸ್ ಅವರ ಕುದುರೆಸವಾರರು ಕತ್ತಿ ಹಿರಿದು ಆ ಮೆರವಣಿಗೆಯ ಮೇಲೆ ನುಗ್ಗಿದರು. ಹತ್ಯಾಕಾಂಡದ ಬಳಿಕ ಡೆನ್ವರ್‌ನ ಹೆಂಗಸರು ಸುಮಾರು ಸಾವಿರ ಮಂದಿ ಸೇರಿ ರಾಜ್ಯಪಾಲ ಎಲಾಯಸ್ ಅಮ್ಮನ್ಸ್ ಅವರ ಕಚೇರಿಗೆ ಹೋಗಿ, ಕೇಂದ್ರದ ಸೇನೆಯನ್ನು ಕರೆಸುವವರೆಗೆ ಕದಲುವುದಿಲ್ಲವೆಂದು ಪಟ್ಟು ಹಿಡಿದರು.

ಏಪ್ರಿಲ್ 20ರಂದು ನಿಖರವಾಗಿ ಏನಾಯಿತು?

ಹಿಂದಿನ ದಿನ ಗ್ರೀಕ್ ಸಂಪ್ರದಾಯದ ಈಸ್ಟರ್ ಹಬ್ಬವಾಗಿತ್ತು. ಬಿಡಾರದಲ್ಲಿ ಊಟ, ಆಟಗಳು ನಡೆದಿದ್ದವು. ಆ ವೇಳೆಗೆ ರಾಜ್ಯದ ಬೊಕ್ಕಸ ಬರಿದಾಗಿ ಸೇನಾಪಡೆಯ ಬಹುಭಾಗವನ್ನು ವಾಪಸು ಕರೆಸಿಕೊಂಡಿದ್ದರು. ಉಳಿದ ತುಕಡಿಗಳಲ್ಲಿ ಗಣಿ ಕಂಪನಿಗಳ ಕಾವಲುಗಾರರೂ ನೌಕರರೂ ಸಮವಸ್ತ್ರ ತೊಟ್ಟು ಸೇರಿಕೊಂಡಿದ್ದರು. ಹೀಗಾಗಿ ಅಂದು ಎದುರಿಗೆ ನಿಂತಿದ್ದ ಪಡೆ ಹೆಸರಿಗೆ ಸರ್ಕಾರದ್ದಾದರೂ ಅದರ ಬಂದೂಕುಗಳ ಹಿಂದೆ ಇದ್ದವರಲ್ಲಿ ಅನೇಕರು ಕಂಪನಿಯ ಆಳುಗಳೇ.

ಬೆಳಿಗ್ಗೆ ಮೇಜರ್ ಪ್ಯಾಟ್ರಿಕ್ ಹ್ಯಾಮ್ರಾಕ್ ಅವರು ಟಿಕಾಸ್ ಅವರನ್ನು ಮಾತಿಗೆ ಕರೆದರು. ಅತ್ತ ಬಿಡಾರಕ್ಕೆ ಎದುರಾಗಿದ್ದ ದಿಬ್ಬದ ಮೇಲೆ ಮಶಿನ್‌ಗನ್ ಹೂಡುತ್ತಿರುವುದು ಕಾರ್ಮಿಕರ ಕಣ್ಣಿಗೆ ಬಿತ್ತು. ಅವರೂ ಕೋವಿ ಹಿಡಿದು ರೈಲು ಹಳಿಗಾಗಿ ನೆಲ ಕಡಿದು ಮಾಡಿದ ತಗ್ಗಿನತ್ತಲೂ ಹಳ್ಳದತ್ತಲೂ ಸರಿದರು. ಸೇನೆಯ ಕಡೆಯಿಂದ ಸ್ಫೋಟದ ಸದ್ದು ಕೇಳಿದ ಮೇಲೆ ಎರಡೂ ಕಡೆಯಿಂದ ಗುಂಡು ಹಾರತೊಡಗಿತು. ಹಗಲೆಲ್ಲ ಅದು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಬಂದ ಸರಕು ರೈಲೊಂದು ಸೇನೆಗೂ ಬಿಡಾರಕ್ಕೂ ನಡುವೆ ನಿಂತದ್ದರಿಂದ, ಅದರ ಮರೆಯಲ್ಲಿ ಬಹಳಷ್ಟು ಹೆಂಗಸರು ಮಕ್ಕಳು ಪೂರ್ವದ ಗುಡ್ಡಗಳ ಕಡೆ ಓಡಿ ಜೀವ ಉಳಿಸಿಕೊಂಡರು. ಗುಂಡೇಟಿಗೆ ಬಲಿಯಾದವರಲ್ಲಿ 11 ವರ್ಷದ ಬಾಲಕನೊಬ್ಬನಿದ್ದನು.

ಕತ್ತಲಾಗುತ್ತಿದ್ದಂತೆ ಡೇರೆಗಳು ಹೊತ್ತಿ ಉರಿದವು. ಸೈನಿಕರು ಬೆಂಕಿಯನ್ನು ಡೇರೆಯಿಂದ ಡೇರೆಗೆ ಹಬ್ಬಿಸಿದರು, ಸಾಮಾನುಗಳನ್ನು ದೋಚಿದರು ಎಂಬುದನ್ನು ಸೇನೆಯ ಅಧಿಕಾರಿಗಳೇ ನಡೆಸಿದ ತನಿಖೆಯೂ ಒಪ್ಪಿಕೊಂಡಿದೆ. ಸೆರೆ ಸಿಕ್ಕ ಟಿಕಾಸ್ ಅವರ ತಲೆಗೆ ಲೆಫ್ಟಿನೆಂಟ್ ಕಾರ್ಲ್ ಲಿಂಡರ್‌ಫೆಲ್ಟ್ ಕೋವಿಯ ಹಿಡಿ ಮುರಿಯುವಂತೆ ಹೊಡೆದರು. ಆಮೇಲೆ ಟಿಕಾಸ್ ಬೆನ್ನಿಗೆ ಗುಂಡು ತಗುಲಿ ಸತ್ತರು. ಅವರ ಶವವೂ ಇತರರ ಶವಗಳೂ ರೈಲು ಹಳಿಯ ಪಕ್ಕದಲ್ಲಿ ದಿನಗಟ್ಟಲೆ ಬಿದ್ದಿದ್ದವು. ಹಾದುಹೋದ ರೈಲುಗಳ ಪ್ರಯಾಣಿಕರು ಅವನ್ನು ಕಂಡರು.

ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ನಾಲ್ವರು ಹೆಂಗಸರೂ 11 ಮಕ್ಕಳೂ ಇದ್ದರು. ಮೇಲೆ ಡೇರೆ ಉರಿಯುತ್ತಿದ್ದಾಗ ಒಳಗಿನ ಗಾಳಿಯೆಲ್ಲ ಬೆಂಕಿಯ ಪಾಲಾಗಿ ಹೊಗೆ ತುಂಬಿತು. ಬದುಕಿ ಹೊರಬಂದವರು ಇಬ್ಬರೇ. ಅವರಲ್ಲಿ ಒಬ್ಬರಾದ ಮೇರಿ ಪೆಟ್ರುಚಿ ತಮ್ಮ ಮೂವರು ಮಕ್ಕಳನ್ನೂ ಅಲ್ಲಿ ಕಳೆದುಕೊಂಡರು. ಮುಂದೆ ಅವರು ವಾಷಿಂಗ್ಟನ್‌ವರೆಗೂ ಪ್ರಯಾಣ ಮಾಡಿ ನಡೆದದ್ದನ್ನು ತಮ್ಮ ಬಾಯಿಂದಲೇ ಹೇಳಿದರು.

ಮೊದಲ ಗುಂಡು ಹಾರಿಸಿದವರು ಯಾರು?

ಅಂದಿನಿಂದ ಇಂದಿನವರೆಗೂ ಎರಡೂ ಕಡೆಯವರು ಇನ್ನೊಬ್ಬರತ್ತ ಬೆರಳು ತೋರಿಸಿದ್ದಾರೆ, ಪ್ರಶ್ನೆ ಇತ್ಯರ್ಥವಾಗಿಲ್ಲ. ಆದರೆ ಹೆಂಗಸರು ಮಕ್ಕಳು ತುಂಬಿದ ಬಟ್ಟೆಯ ಡೇರೆಗಳಿಗೆ ಮಶಿನ್‌ಗನ್ ಗುರಿಯಿಟ್ಟವರು ಯಾರು, ಬೆಂಕಿ ಹಬ್ಬಿಸಿದವರು ಯಾರು ಎಂಬ ವಿಷಯದಲ್ಲಿ ಅಂಥ ಗೊಂದಲವಿಲ್ಲ. ಹೊಣೆಯ ಪ್ರಶ್ನೆ ಎತ್ತಬೇಕಾದದ್ದು ಅಲ್ಲಿ.

ಕಾರ್ಮಿಕರೂ ಜನರನ್ನು ಕೊಂದರಲ್ಲವೇ?

ಹೌದು, ಅದನ್ನು ಮುಚ್ಚಿಡುವುದು ಸರಿಯಲ್ಲ. ಸುದ್ದಿ ಹರಡಿದ ಮೇಲೆ ಸುತ್ತಲಿನ ಬಿಡಾರಗಳ ಕಾರ್ಮಿಕರು ಕೋವಿ ಹಿಡಿದು ಗಣಿಗಳ ಮೇಲೆ ಏರಿಹೋದರು. ಕಟ್ಟಡಗಳನ್ನು ಸುಟ್ಟರು, ಕಾವಲುಗಾರರನ್ನೂ ಗಣಿಗಳಲ್ಲಿದ್ದ ಇತರರನ್ನೂ ಕೊಂದರು. ಹತ್ತು ದಿನ ನಡೆದ ಈ ಕಾಳಗ ನಿಂತದ್ದು ಅಧ್ಯಕ್ಷ ವುಡ್ರೊ ವಿಲ್ಸನ್ ಕೇಂದ್ರದ ಸೇನೆಯನ್ನು ಕಳಿಸಿದಾಗ. ಲಡ್ಲೊದಲ್ಲಿ ಆ ಒಂದು ದಿನ ಸತ್ತವರು ಸುಮಾರು 20 ಮಂದಿ, ಅವರಲ್ಲಿ ಸೇನಾಪಡೆಯವರು ಒಬ್ಬರು. ಇಡೀ ಮುಷ್ಕರದ ಅವಧಿಯ ಸಾವುಗಳನ್ನು ಸಾಮಾನ್ಯವಾಗಿ ಸುಮಾರು 75 ಎಂದು ಹೇಳುವುದುಂಟು. ಇದಕ್ಕಿಂತ ಬಹಳ ಹೆಚ್ಚಿನ ಎಣಿಕೆಗಳೂ ಇವೆ.

ಯಾರಿಗಾದರೂ ಶಿಕ್ಷೆಯಾಯಿತೇ?

ನೂರಾರು ಕಾರ್ಮಿಕರ ಮೇಲೆ ಕೊಲೆ ಮುಂತಾದ ಆರೋಪಗಳನ್ನು ಹೊರಿಸಿದರು. ಸಂಘದ ನಾಯಕ ಜಾನ್ ಲಾಸನ್ ಅವರಿಗೆ 1915ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1917ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಸೇನಾಪಡೆಯವರನ್ನು ಸೇನೆಯೇ ವಿಚಾರಿಸಿ ಬಿಡುಗಡೆ ಮಾಡಿತು. ಟಿಕಾಸ್ ಅವರನ್ನು ಹೊಡೆದದ್ದು ಸಾಬೀತಾದರೂ ಲಿಂಡರ್‌ಫೆಲ್ಟ್ ಅವರಿಗೆ ಅಪರಾಧದ ಹೊಣೆ ಅಂಟಲಿಲ್ಲ.

ಹಾಗಾದರೆ ಮುಷ್ಕರ ಸೋತಿತೇ?

ಕಾಗದದ ಮೇಲೆ ಸೋತಿತು. ಸಂಘದ ಹಣ ಖಾಲಿಯಾಗಿ 1914ರ ಡಿಸೆಂಬರ್‌ನಲ್ಲಿ ಮುಷ್ಕರವನ್ನು ಕೈಬಿಟ್ಟರು. ಸಂಘಕ್ಕೆ ಮಾನ್ಯತೆ ಸಿಗಲಿಲ್ಲ. ಅನೇಕರಿಗೆ ಕೆಲಸವೂ ವಾಪಸು ಸಿಗಲಿಲ್ಲ. ಆದರೆ ಫ್ರಾಂಕ್ ವಾಲ್ಶ್ ಅವರ ಅಧ್ಯಕ್ಷತೆಯ ಕೇಂದ್ರ ಕೈಗಾರಿಕಾ ಸಂಬಂಧಗಳ ಆಯೋಗವು ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರನ್ನು ಬಹಿರಂಗವಾಗಿ ಪ್ರಶ್ನಿಸಿತು. ಅವರ ಕುಟುಂಬದ ಹೆಸರನ್ನು ಉಳಿಸಲು ಪ್ರಚಾರತಜ್ಞ ಐವಿ ಲೀ ಅವರನ್ನು ನೇಮಿಸಿಕೊಂಡರು. ಮುಂದೆ ಕೆನಡಾದ ಪ್ರಧಾನಿಯಾದ ಮೆಕೆಂಜಿ ಕಿಂಗ್ ಅವರ ಸಲಹೆಯಂತೆ 1915ರಲ್ಲಿ ಕಾರ್ಮಿಕ ಪ್ರತಿನಿಧಿಗಳ ಯೋಜನೆಯೊಂದನ್ನು ತಂದರು. ಕುಂದುಕೊರತೆ ಹೇಳಿಕೊಳ್ಳಲು ಅದರಿಂದ ಒಂದು ದಾರಿಯಾದದ್ದು ನಿಜ. ಆದರೆ ಅದು ಕಂಪನಿಯೇ ಕಟ್ಟಿದ ವ್ಯವಸ್ಥೆ. ಕಾರ್ಮಿಕರು ತಾವೇ ಕಟ್ಟಿಕೊಂಡ ಸಂಘಕ್ಕೆ ಅದು ಬದಲಿಯಾಗಲಾರದು. 1935ರ ವ್ಯಾಗ್ನರ್ ಕಾಯಿದೆ ಅಂಥ ಕಂಪನಿ ಸಂಘಗಳನ್ನು ನಿಷೇಧಿಸಿ, ಸ್ವಂತ ಸಂಘ ಕಟ್ಟುವ ಹಕ್ಕಿಗೆ ಕೇಂದ್ರದ ರಕ್ಷಣೆ ಕೊಟ್ಟಿತು.

ಸ್ಮಾರಕವನ್ನು ಕಟ್ಟಿಸಿದವರು ಯಾರು?

ಸರ್ಕಾರ ಅಲ್ಲ, ಕಂಪನಿಯೂ ಅಲ್ಲ. ಬಿಡಾರವಿದ್ದ ಜಾಗವನ್ನು ಸಂಘವೇ ಕೊಂಡುಕೊಂಡಿತು, ಕಾರ್ಮಿಕರ ಹಣದಿಂದ ಗ್ರಾನೈಟ್ ಸ್ಮಾರಕವನ್ನು ನಿಲ್ಲಿಸಿತು. 1918ರ ಮೇ 30ರಂದು ಅದು ಉದ್ಘಾಟನೆಯಾಯಿತು. ಕಂಬದ ಬುಡದಲ್ಲಿ ನಿಂತ ಗಣಿ ಕಾರ್ಮಿಕ, ಅವನ ಪಕ್ಕದಲ್ಲಿ ಮಗುವನ್ನು ಹಿಡಿದ ತಾಯಿ, ಕೆಳಗೆ ಸತ್ತವರ ಹೆಸರುಗಳು. ಪಕ್ಕದಲ್ಲೇ ಆ ಗುಂಡಿಯನ್ನು ಕಾಂಕ್ರೀಟಿನಿಂದ ಭದ್ರಪಡಿಸಿ, ಮೇಲೆ ಉಕ್ಕಿನ ಬಾಗಿಲು ಹಾಕಿದ್ದಾರೆ. ಮೆಟ್ಟಿಲಿಳಿದು ಒಳಗೆ ನಿಲ್ಲಬಹುದು. ಜಮೀನು ಸಂಘದ ಕೈಯಲ್ಲಿರುವುದು ಸಣ್ಣ ವಿಷಯವಲ್ಲ. ಗಣಿಗಳು ಒಂದೊಂದಾಗಿ ಮುಚ್ಚಿ, ಊರುಗಳು ಖಾಲಿಯಾಗಿ, ಶಾಲೆಯ ಪಠ್ಯಗಳಲ್ಲಿ ಈ ಘಟನೆಗೆ ಒಂದೆರಡು ಸಾಲೂ ದೊರೆಯದಿದ್ದ ದಶಕಗಳಲ್ಲಿ ಅದರ ನೆನಪನ್ನು ಉಳಿಸಿದ್ದು ಆ ಜಾಗದಲ್ಲಿ ಪ್ರತಿ ವರ್ಷ ಸೇರುತ್ತಿದ್ದ ಕಾರ್ಮಿಕರು ಮತ್ತು ಸಂತ್ರಸ್ತರ ಮನೆತನದವರು.

ಸ್ಮಾರಕದ ಮೇಲೆ ದಾಳಿ ನಡೆದದ್ದು ನಿಜವೇ?

ನಿಜ. 2003ರ ಮೇ ತಿಂಗಳಲ್ಲಿ ಯಾರೋ ಗಂಡಸಿನ ಮತ್ತು ಹೆಂಗಸಿನ ಶಿಲ್ಪಗಳ ತಲೆಗಳನ್ನು ಕಡಿದು ಒಯ್ದರು. ಮಾಡಿದವರು ಸಿಕ್ಕಲಿಲ್ಲ. ದೇಶದ ನಾನಾ ಕಡೆಯ ಸಂಘಗಳು ಹಣ ಕೂಡಿಸಿ ದುರಸ್ತಿ ಮಾಡಿಸಿದವು. 2005ರ ಜೂನ್‌ನಲ್ಲಿ ಸ್ಮಾರಕ ಮತ್ತೆ ಅನಾವರಣಗೊಂಡಿತು. ತೊಂಬತ್ತು ವರ್ಷ ಹಳೆಯ ಜಗಳವೊಂದರ ಕಲ್ಲಿನ ಮೂರ್ತಿಗಳ ಮೇಲೂ ಯಾರಿಗೋ ಇಷ್ಟು ದ್ವೇಷ ಉಳಿದಿತ್ತೇ ಎಂಬ ನೋವು ಆ ಊರಿನವರಲ್ಲಿ ಹಾಗೆಯೇ ಉಳಿಯಿತು.

ಪುರಾತತ್ವ ಉತ್ಖನನದಿಂದ ಹೊಸದೇನು ತಿಳಿಯಿತು?

1997ರಿಂದ ಡೀನ್ ಸೈಟಾ, ರ‍್ಯಾಂಡಲ್ ಮೆಕ್‌ಗ್ವಾಯರ್, ಫಿಲಿಪ್ ಡ್ಯೂಕ್ ಮುಂತಾದ ವಿದ್ವಾಂಸರು ಸಂಘದ ಒಪ್ಪಿಗೆ ಪಡೆದು ಅಲ್ಲಿ ಅಗೆತ ನಡೆಸಿದರು. ಬಿಡಾರ ಸುಟ್ಟುಹೋದದ್ದು ಒಂದೇ ದಿನದಲ್ಲಿ, ಆಮೇಲೆ ಅಲ್ಲಿ ಯಾರೂ ಊರು ಕಟ್ಟಲಿಲ್ಲ. ಆದ್ದರಿಂದ ಮಣ್ಣಿನಡಿಯಲ್ಲಿ ಡೇರೆಗಳ ಗುರುತು, ನೆಲಗುಂಡಿಗಳು, ಸುಟ್ಟ ಸಾಮಾನುಗಳು ಇದ್ದಂತೆಯೇ ಉಳಿದಿದ್ದವು. ಗುಂಡುಗಳ ಜೊತೆಗೆ ಗೊಂಬೆಯ ತುಂಡುಗಳು, ಅಂಗಿಯ ಗುಂಡಿಗಳು, ಡಬ್ಬಿಗಳು, ಧಾರ್ಮಿಕ ಪದಕಗಳು ದೊರೆತವು. ಕಾಗದದ ದಾಖಲೆಗಳಲ್ಲಿ ನಾಯಕರ, ಅಧಿಕಾರಿಗಳ ಮಾತುಗಳೇ ಹೆಚ್ಚು. ಮನೆ ನಡೆಸಿದವರ ದಿನಚರಿಗೆ ಸಾಕ್ಷಿಯಾಗಿ ಸಿಕ್ಕಿದ್ದು ಈ ವಸ್ತುಗಳು. ಆ ಸಂಶೋಧಕರೇ ಗಮನಿಸಿದ ಇನ್ನೊಂದು ಸಂಗತಿಯೂ ಇದೆ: ಹೆದ್ದಾರಿಯ ಫಲಕ ನೋಡಿ ಬಂದ ಪ್ರವಾಸಿಗಳಲ್ಲಿ ಎಷ್ಟೋ ಮಂದಿ ಇದು ಮೂಲನಿವಾಸಿಗಳೊಂದಿಗೆ ನಡೆದ ಯುದ್ಧದ ಸ್ಥಳವಿರಬೇಕೆಂದು ಭಾವಿಸಿದ್ದರು. ಸ್ವಂತ ದೇಶದ ಕಾರ್ಮಿಕ ಚರಿತ್ರೆ ಅವರವರೆಗೆ ತಲುಪಿಯೇ ಇರಲಿಲ್ಲ. ಉತ್ಖನನದ ಬಳಿಕ ಅಲ್ಲಿ ಮಾಹಿತಿ ಫಲಕಗಳು ಬಂದವು, ಶಾಲಾ ಶಿಕ್ಷಕರಿಗೆ ತರಬೇತಿಗಳು ನಡೆದವು.

ಸರ್ಕಾರದ ಮಾನ್ಯತೆ ಯಾವಾಗ ಬಂತು?

2009ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ಸ್ಥಳವನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿಸಿತು. ಶತಮಾನದ ಸ್ಮರಣೆಗಾಗಿ ಕೊಲರಾಡೊ ರಾಜ್ಯವು ಒಂದು ಆಯೋಗವನ್ನು ನೇಮಿಸಿತು. 2014ರಲ್ಲಿ ಉಪನ್ಯಾಸ, ಪ್ರದರ್ಶನ, ಪ್ರಾರ್ಥನೆಗಳು ನಡೆದವು. ಆದರೂ ಅಷ್ಟು ಹೊತ್ತಿಗೆ ಗುಂಡಿಯಿಂದ ಬದುಕಿ ಬಂದವರಾಗಲಿ, ಅವರ ಮಾತನ್ನು ಕೇಳಿದವರಾಗಲಿ ಬಹುಪಾಲು ಯಾರೂ ಉಳಿದಿರಲಿಲ್ಲ. ಇಷ್ಟು ತಡವಾದದ್ದಕ್ಕೆ ನನಗೆ ಸಮಾಧಾನವಿಲ್ಲ.

ಗಣಿಗಳೇ ಮುಚ್ಚಿರುವಾಗ ವಾರ್ಷಿಕ ಸಭೆ ಏಕೆ ಮುಂದುವರಿದಿದೆ?

ಸಭೆಗೆ ಬರುವವರು ಗಣಿಯವರಷ್ಟೇ ಅಲ್ಲ. ಹಳೆಯ ಕೊಲರಾಡೊ ಫ್ಯುಯೆಲ್ ಅಂಡ್ ಐರನ್ ಕಂಪನಿಗೆ ಸೇರಿದ್ದ ಪ್ಯೂಬ್ಲೊ ನಗರದ ಉಕ್ಕಿನ ಕಾರ್ಖಾನೆಯಲ್ಲಿ 1997ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ವಿವಾದ ಬಗೆಹರಿದದ್ದು 2004ರಲ್ಲಿ. ಆ ವರ್ಷಗಳಲ್ಲಿ ಉಕ್ಕಿನ ಕಾರ್ಮಿಕರು ಲಡ್ಲೊ ಸಭೆಗೆ ಗುಂಪಾಗಿ ಬಂದು, ಬಲವಂತದ ಹೆಚ್ಚುವರಿ ದುಡಿಮೆಯ ವಿರುದ್ಧದ ತಮ್ಮ ಹೋರಾಟವನ್ನು ಎಂಟು ಗಂಟೆಗಾಗಿ ಪ್ರಾಣ ಕೊಟ್ಟವರ ಎದುರು ನಿಂತು ಹೇಳಿದರು.

ಅಲ್ಲಿಗೆ ಹೋಗುವವರು ಏನೇನು ನೋಡಬಹುದು?

ಡೆನ್ವರ್‌ನಿಂದ ದಕ್ಷಿಣಕ್ಕೆ ಹೋಗುವ ಅಂತರರಾಜ್ಯ ಹೆದ್ದಾರಿ 25ರಿಂದ ಸ್ಮಾರಕಕ್ಕೆ ದಾರಿ ತಿರುಗುತ್ತದೆ. ವಾರ್ಷಿಕ ಸಭೆ ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ನಡೆಯುತ್ತದೆ. ಟ್ರಿನಿಡಾಡ್‌ನಲ್ಲಿ ಟಿಕಾಸ್ ಅವರ ಸಮಾಧಿಯೂ 2018ರಲ್ಲಿ ಸ್ಥಾಪಿಸಿದ ಅವರ ಪ್ರತಿಮೆಯೂ ಇವೆ. ಅವರ ಹುಟ್ಟೂರಿನ ಕಡೆ, ಕ್ರೀಟ್‌ನ ರೆಥಿಮ್ನೊ ನಗರದಲ್ಲೂ ಒಂದು ಸ್ಮಾರಕವಿದೆ. ಲಡ್ಲೊದ ಪಶ್ಚಿಮಕ್ಕಿರುವ ಹೇಸ್ಟಿಂಗ್ಸ್ ಕಣಿವೆಯಲ್ಲಿ 1917ರ ಏಪ್ರಿಲ್ 27ರ ಗಣಿ ಸ್ಫೋಟದಲ್ಲಿ 121 ಮಂದಿ ಸತ್ತರು. ಮುಷ್ಕರ ಮುಗಿದ ಮೂರೇ ವರ್ಷಗಳೊಳಗೆ ನಡೆದ ಈ ದುರಂತವು ಕೊಲರಾಡೊದ ಗಣಿ ಅಪಘಾತಗಳಲ್ಲೇ ಅತಿ ಭೀಕರವಾದದ್ದು. ಲಡ್ಲೊ ನೋಡಲು ಬಂದವರು ಅದನ್ನೂ ತಿಳಿದು ಹೋಗಬೇಕು. ಕಂಪನಿಯ ಹಳೆಯ ಕಡತಗಳನ್ನು ಪರಿಶೀಲಿಸಬೇಕೆನ್ನುವವರಿಗೆ ಪ್ಯೂಬ್ಲೊ ನಗರದ ಉಕ್ಕಿನ ವಸ್ತುಸಂಗ್ರಹಾಲಯದಲ್ಲಿ ಅವು ಸಿಗುತ್ತವೆ.